ಗೆಂಡೆ ಮೀನಿನ ಮೇವು: ಜಠರವಿಲ್ಲದ ಮೀನಿಗೆ ಯಾವುದು ದಕ್ಕುತ್ತದೆ?

ಲ್ಯಾಬಿನಲ್ಲಿ ಮೊದಲ ಸಲ ಸಾಮಾನ್ಯ ಗೆಂಡೆಯನ್ನು ಸೀಳಿದಾಗ ಬಹಳ ಹೊತ್ತು ಜಠರ ಹುಡುಕಿದೆ. ಸಿಗಲಿಲ್ಲ. ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಗಂಟಲ ಹಲ್ಲುಗಳು ಅರೆದು ಕಳಿಸಿದ ಮೇವು ನೇರವಾಗಿ ಸುರುಳಿ ಸುತ್ತಿದ ಉದ್ದನೆಯ ಕರುಳಿಗೆ ಇಳಿಯುತ್ತದೆ. ಜಠರವಿಲ್ಲದ ಮೇಲೆ ಆಮ್ಲವೂ ಇಲ್ಲ, ಪ್ರೋಟೀನ್ ಒಡೆಯುವ ಪೆಪ್ಸಿನ್ ಕಿಣ್ವವೂ ಇಲ್ಲ. ಮೀನುಹುಡಿಗೆ ಬದಲಾಗಿ ಹಾಕುವ ಪರ್ಯಾಯ ಮೇವಿನ ಪಾಠ ಓದುವಾಗ ಇದೊಂದು ನೆನಪಿರಲಿ.

ಬೂತಾಯಿಯಂಥ ಸಣ್ಣ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡುವ ಮೀನುಹುಡಿಯಲ್ಲಿ 60–70% ಪ್ರೋಟೀನ್ ಇರುತ್ತದೆ. ಮೀನು ತಾನೇ ತಯಾರಿಸಿಕೊಳ್ಳಲಾರದ ಹತ್ತೂ ಅತ್ಯಗತ್ಯ ಅಮೈನೋ ಆಮ್ಲಗಳು (ಪ್ರೋಟೀನಿನ ಘಟಕಗಳು) ಹದವಾಗಿ ಸಿಗುತ್ತವೆ. ಆದರೆ ಅದು ದುಬಾರಿ. ಕಡಲ ಮೀನಿಗೂ ಮಿತಿಯಿದೆ. ನಾರ್ವೆಯ ಸಾಲ್ಮನ್ ಮೇವಿನಲ್ಲಿ 1990ರಲ್ಲಿ ಸುಮಾರು 90% ಕಡಲಮೂಲದ ವಸ್ತುಗಳಿದ್ದವು. 2013ರ ಹೊತ್ತಿಗೆ ಅದು 30%ರ ಆಸುಪಾಸಿಗೆ ಇಳಿಯಿತು. ಸಾಲ್ಮನ್‌ಗೆ ಜಠರವಿದೆ, ಹಾಗಾಗಿ ಅಲ್ಲಿನ ಲೆಕ್ಕವನ್ನು ಗೆಂಡೆಗೆ ಹಾಗೇ ಹಚ್ಚಬಾರದು.

ನಮ್ಮಲ್ಲಿ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳ ಹೊಂಡಗಳಿಗೆ ಹಿಂದಿನಿಂದಲೂ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ ಬೆರೆಸಿ ಹಾಕುತ್ತಾರೆ. ಆಂಧ್ರದ ಕೊಲ್ಲೇರು ಕಡೆ ಇದನ್ನು ತೂತು ಮಾಡಿದ ಚೀಲಕ್ಕೆ ತುಂಬಿ, ಗಳಕ್ಕೆ ಕಟ್ಟಿ ನೀರಿಗಿಳಿಸುತ್ತಾರೆ. ಮೀನುಗಳು ತೂತಿಗೆ ಬಾಯಿಟ್ಟು ಎಳೆದು ತಿನ್ನುತ್ತವೆ. ಹಿಂಡಿಯಲ್ಲಿ 42%, ತೌಡಿನಲ್ಲಿ 12% ಪ್ರೋಟೀನ್ ಎಂದಿಟ್ಟುಕೊಳ್ಳಿ. ಸಮಸಮ ಬೆರೆಸಿದರೆ 27% ಬರುತ್ತದೆ. 30% ಬೇಕೇ? 30ರಲ್ಲಿ 12 ಕಳೆದರೆ 18, ಅದು ಹಿಂಡಿಯ ಪಾಲು. 42ರಲ್ಲಿ 30 ಕಳೆದರೆ 12, ಅದು ತೌಡಿನ ಪಾಲು. ಅಂದರೆ ನೂರು ಕಿಲೋಗೆ 60 ಕಿಲೋ ಹಿಂಡಿ, 40 ಕಿಲೋ ತೌಡು. ಪರೀಕ್ಷೆಯಲ್ಲಿ ಪಿಯರ್ಸನ್ ಚೌಕ ಎಂದು ಕೇಳುವುದು ಇದನ್ನೇ.

ಚೀಲದ ಮೇಲಿನ ಪ್ರೋಟೀನ್ ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅದು ಸಾರಜನಕವನ್ನು 6.25ರಿಂದ ಗುಣಿಸಿ ಬಂದದ್ದು. ಈಗ ಹೆಸರು ಮಾಡಿರುವ ಬ್ಲ್ಯಾಕ್ ಸೋಲ್ಜರ್ ನೊಣದ ಹುಳುವಿನ ಹೊರಕವಚದ ಕೈಟಿನ್‌ನಲ್ಲೂ ಸಾರಜನಕವಿದೆ, ಅದೂ ಪ್ರೋಟೀನ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಅತ್ಯಗತ್ಯ ಅಮೈನೋ ಆಮ್ಲಗಳಲ್ಲಿ ಸೋಯಾದಲ್ಲಿ ಮೆಥಿಯೊನಿನ್ ಕಡಿಮೆ. ಶೇಂಗಾದಲ್ಲಿ ಲೈಸಿನ್ನೂ ಕಡಿಮೆ. ಹತ್ತಿಕಾಳು ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ಇದ್ದ ಲೈಸಿನ್ ಅನ್ನೂ ಹಿಡಿದಿಡುತ್ತದೆ. ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವಕ್ಕೆ ಅಡ್ಡಿ ಮಾಡುವ ಹಸಿ ಸೋಯಾದ ತಡೆಕಾರಕ ಹುರಿದರೆ ಹೋಗುತ್ತದೆ, ಆದರೆ ಅತಿಯಾಗಿ ಹುರಿದರೆ ಲೈಸಿನ್ನೂ ಕೆಡುತ್ತದೆ. ತೇವ ತಗುಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿಯಲ್ಲಿನ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಮಾತ್ರ ಬೇಯಿಸಿದರೂ ಹೋಗದು. ಅಂಥ ಹಿಂಡಿಯನ್ನು ಎಸೆಯುವುದೇ ಸರಿ.

ಇನ್ನು ರಂಜಕ (ಫಾಸ್ಫರಸ್). ನನಗೆ ತುಂಬಾ ಹಿಡಿಸಿದ ಭಾಗ ಇದು. ಸಸ್ಯಮೂಲದ ಮೇವಿನ ಸುಮಾರು ಮೂರರಲ್ಲಿ ಎರಡು ಪಾಲು ರಂಜಕ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ಮೀನಿನ ಕರುಳಲ್ಲಿ ಸಾಕಷ್ಟಿಲ್ಲ. ಹಾಗಾದರೆ ಮೀನುಹುಡಿ ಹಾಕಿದರೆ ಸರಿಹೋಯಿತೇ? ಗೆಂಡೆಗೆ ಅದೂ ಪೂರ್ತಿ ದಕ್ಕುವುದಿಲ್ಲ! ಅಲ್ಲಿನ ರಂಜಕ ಬಹುಪಾಲು ಮುಳ್ಳಿನಲ್ಲಿರುತ್ತದೆ, ಮುಳ್ಳು ಕರಗಿಸಲು ಆಮ್ಲ ಬೇಕು. ಆದ್ದರಿಂದಲೇ ಗೆಂಡೆಯ ಮೇವಿಗೆ ನೀರಲ್ಲಿ ಸುಲಭವಾಗಿ ಕರಗುವ ಮೋನೊಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸುವುದು. ರಂಜಕ ಸಾಲದಿದ್ದರೆ ಬೆಳವಣಿಗೆ ಕುಂಠಿತವಾಗಿ ತಲೆ, ಬೆನ್ನುಮೂಳೆ ಸೊಟ್ಟಗಾಗುತ್ತವೆ. ದಕ್ಕದೆ ಹೊರಬಿದ್ದ ರಂಜಕ ಹೊಂಡದಲ್ಲಿ ಪಾಚಿ ಬೆಳೆಸುತ್ತದೆ.

ಫೈಟೇಸ್ ಅನ್ನೇ ಮೇವಿಗೆ ಬೆರೆಸಬಹುದು. ಆದರೆ ಶಿಲೀಂಧ್ರದಿಂದ ತೆಗೆದ ಫೈಟೇಸ್ ಚುರುಕಾಗುವುದು ಆಮ್ಲೀಯ ವಾತಾವರಣದಲ್ಲಿ, ಗೆಂಡೆಯ ಕರುಳೋ ಪಿಎಚ್ 7ರ ಸುತ್ತಮುತ್ತ. ಅದಕ್ಕೇ ರೋಹು ಮರಿಗಳ ಮೇಲಿನ ಪ್ರಯೋಗದಲ್ಲಿ ಫೈಟೇಸ್ ಜೊತೆ 3% ಸಿಟ್ರಿಕ್ ಆಮ್ಲ ಕೊಟ್ಟು ನೋಡಿದರು. ಎರಡೂ ಕೂಡಿದಾಗ ಮೂಳೆಗೆ ಖನಿಜ ಚೆನ್ನಾಗಿ ಸೇರಿತು. ಸೋಯಾ ಹಿಂಡಿಯನ್ನು ಮೊದಲೇ ಫೈಟೇಸ್ ನೀರಲ್ಲಿ ನೆನೆಸಿಡುವುದು ಇನ್ನೊಂದು ದಾರಿ.

ಬಿಸಿಯನ್ನು ಮರೆಯಬೇಡಿ. ಗುಳಿಗೆ ಯಂತ್ರದ ಹಬೆಗೆ ಸಿಕ್ಕಿದ ಕಿಣ್ವ ಬಹುಪಾಲು ಕೆಟ್ಟುಹೋಗುತ್ತದೆ. ಅದಕ್ಕಾಗಿ ಮೇವಿನ ಗಿರಣಿಗಳಲ್ಲಿ ಗುಳಿಗೆ ಆರಿದ ಮೇಲೆ ದ್ರವ ಫೈಟೇಸ್ ಸಿಂಪಡಿಸಿ, ಅದು ನೀರಿಗೆ ಸೋರದಂತೆ ಮೇಲೊಂದು ಎಣ್ಣೆಯ ಲೇಪ ಕೊಡುತ್ತಾರೆ.