ಬೆರಿಯೆಸ್ಸಾ ಮನೆತನದ ಹೆಸರು, ಪಾದರಸದ ಜಾಡು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗರಿಗೆ ಬೆರಿಯೆಸ್ಸಾ ಅಂದ್ರೆ 2020ರಲ್ಲಿ ಶುರುವಾದ ರೈಲು ನಿಲ್ದಾಣ. ಉತ್ತರಕ್ಕೆ ನಾಪಾ ಕಡೆ ಹೋದರೆ ಅದೇ ಹೆಸರಿನ ದೊಡ್ಡ ಜಲಾಶಯ ಸಿಗುತ್ತದೆ. ಎರಡೂ ಒಂದೇ ಮನೆತನದ ಹೆಸರು. 1776ರಲ್ಲಿ ಹುವಾನ್ ಬೌಟಿಸ್ಟಾ ದೆ ಅನ್ಸಾ ಕರೆತಂದ ವಲಸಿಗರ ಜೊತೆ ಬಂದ ನಿಕೊಲಾಸ್ ಬೆರೆಯೆಸಾ ಅದರ ಹಿರಿಯ.

ನಿಕೊಲಾಸ್‌ನ ಮಗ ಹೋಸೆ ದೆ ಲೋಸ್ ರೇಯೆಸ್‌ಗೆ ಸ್ಯಾನ್ ಹೋಸೆಯ ದಕ್ಷಿಣಕ್ಕೆ ದನ ಮೇಯಿಸುವ ಜಮೀನಿತ್ತು. ಅದರ ಅಂಚಿನ ಗುಡ್ಡದಲ್ಲಿ ಕೆಂಪು ಕಲ್ಲು. ಅಲ್ಲಿನ ಮೂಲನಿವಾಸಿಗಳು ಅದನ್ನು ಅರೆದು ಮೈಗೆ ಬಣ್ಣ ಬಳಿದುಕೊಳ್ಳುತ್ತಿದ್ದರು. 1845ರಲ್ಲಿ ಮೆಕ್ಸಿಕೋದ ಅಧಿಕಾರಿ ಆಂಡ್ರೆಸ್ ಕಾಸ್ಟಿಯೆರೊ ಅದರ ಪುಡಿಯನ್ನು ಕೆಂಡದ ಮೇಲೆ ಉದುರಿಸಿ, ಹೊಗೆಯ ಮೇಲೆ ಗಾಜಿನ ಲೋಟ ಕವುಚಿದ. ಲೋಟದ ಒಳಮೈಗೆ ಬೆಳ್ಳಗಿನ ಹನಿಗಳು ಅಂಟಿಕೊಂಡವು. ಪಾದರಸ! ಕಲ್ಲು ಇಂಗಳೀಕ, ಅಂದರೆ ಗಂಧಕದ ಜೊತೆ ಕೂಡಿದ ಪಾದರಸ. ಕಾಯಿಸಿದರೆ ಗಂಧಕ ಬಿಟ್ಟು ಆವಿಯಾಗುತ್ತದೆ, ತಣ್ಣಗಾದರೆ ಮತ್ತೆ ಹನಿಗಟ್ಟುತ್ತದೆ.

ಮೂರೇ ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಮರಳಿನಲ್ಲಿ ಬೆರೆತ ಸಣ್ಣ ಚಿನ್ನದ ಕಣಗಳನ್ನು ಹಿಡಿಯಲು ಪಾದರಸ ಬೇಕೇ ಬೇಕು. ಆ ಗುಡ್ಡದಲ್ಲಿ ತೆರೆದಿದ್ದ ನ್ಯೂ ಆಲ್ಮಡೆನ್ ಎಂಬ ಪಾದರಸದ ಗಣಿಗೆ ಸುಗ್ಗಿ. ಬೆರೆಯೆಸಾಗಳಿಗೆ ಮಾತ್ರ ಕೇಡು. ಅಮೆರಿಕನ್ನರು ಆಗಲೇ, 1846ರಲ್ಲಿ, ಸೆರೆಯಲ್ಲಿದ್ದ ಮಗನನ್ನು ನೋಡಲು ಹೊರಟಿದ್ದ ರೇಯೆಸ್‌ನನ್ನು ಗುಂಡಿಟ್ಟು ಕೊಂದಿದ್ದರು. ಕ್ಯಾಲಿಫೋರ್ನಿಯಾ ಮೆಕ್ಸಿಕೋದಿಂದ ಅಮೆರಿಕದ ಕೈಗೆ ಹೋದ ಮೇಲೆ ಬಂದ 1851ರ ಕಾನೂನು, ಜಮೀನು ನಿಮ್ಮದೇ ಅಂತ ನೀವೇ ಸಾಬೀತು ಮಾಡಿ ಎಂದಿತು. ಗಡಿ ವ್ಯಾಜ್ಯ, ವಕೀಲರ ಫೀಸು. ಜಮೀನು ಕರಗಿತು.

ನಾಪಾ ಕಡೆ 1843ರಲ್ಲಿ ಮನೆತನದ ಇನ್ನೊಂದು ಕವಲಿಗೆ ಸಿಕ್ಕಿದ್ದ ಕಣಿವೆಯೂ ಸಾಲಕ್ಕೆ ಚೂರುಚೂರಾಗಿ ಹೋಯಿತು. ಅಲ್ಲಿ 1957ರಲ್ಲಿ 304 ಅಡಿ ಎತ್ತರದ ಮಾಂಟಿಸೆಲ್ಲೊ ಅಣೆಕಟ್ಟು ಎದ್ದಿತು, ಕಣಿವೆ ಮುಳುಗಿತು. ಜಲಾಶಯ ತುಂಬಿದಾಗ ಹೆಚ್ಚಾದ ನೀರು, ಅದನ್ನು ಹೊರಬಿಡಲೆಂದೇ ಕಟ್ಟಿದ 72 ಅಡಿ ಅಗಲದ ದುಂಡನೆ ಬಾಯಿಯೊಳಗೆ ಸುರಿಯುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ನನಗೆ ಜಾಸ್ತಿ ಕುತೂಹಲ ತಳದ ಕೆಸರಿನ ಬಗ್ಗೆ. ಸುತ್ತಲಿನ ಬೆಟ್ಟಗಳಲ್ಲೂ ಹಳೆಯ ಪಾದರಸದ ಗಣಿಗಳಿವೆ. ಅಲ್ಲಿಂದ ತೊರೆಗಳು ತಂದದ್ದನ್ನು ಆಮ್ಲಜನಕ ಕಮ್ಮಿ ಇರುವ ಕೆಸರಿನ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸ ಎಂಬ ವಿಷವಾಗಿ ಬದಲಿಸುತ್ತವೆ. ಅದು ಸಣ್ಣ ಜೀವಿಗಳಿಂದ ಮೀನಿಗೆ, ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಮೈಯಲ್ಲಿ ಹೆಚ್ಚುಹೆಚ್ಚು ಸೇರುತ್ತದೆ. ಹಾಗಾಗಿ ಬೆರಿಯೆಸ್ಸಾದ ಮೀನು ಎಷ್ಟು ತಿನ್ನಬಹುದು, ಅದರಲ್ಲೂ ಗರ್ಭಿಣಿಯರು ಮತ್ತು ಮಕ್ಕಳು ಎಷ್ಟು ತಿನ್ನಬಹುದು ಅಂತ ರಾಜ್ಯ ಸರ್ಕಾರ ಮಿತಿ ಹಾಕಿ ಸಲಹೆ ಕೊಟ್ಟಿದೆ.