ಇಬ್ಬರು ಸೇರಿದರೆ ಉಳಿಯುವ ಗುಟ್ಟು: ಬಿಟ್‌ಕಾಯಿನ್ ಜಂಟಿ ವ್ಯವಹಾರದ ಹಿನ್ನೆಲೆ

ಶಿರಸಿಯಲ್ಲಿ ಯಾರ ಅಡಿಕೆ ಯಾವ ದರಕ್ಕೆ ಹೋಯಿತು ಅನ್ನೋದು ಸಂಜೆಯೊಳಗೆ ನಾಲ್ಕು ಜನರಿಗೆ ಗೊತ್ತಾಗುತ್ತದೆ. ಆದರೂ ಅವರ ಪಾಸ್‌ಬುಕ್ಕು ಕಪಾಟಿನಲ್ಲೇ ಇರುತ್ತದೆ. ಬಿಟ್‌ಕಾಯಿನ್‌ನಲ್ಲಿ ಹಾಗಿಲ್ಲ. 2009ರ ಜನವರಿಯಿಂದ ಅದರ ಸರಪಳಿಯಲ್ಲಿ (ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ) ದಾಖಲಾದ ಪ್ರತಿ ವ್ಯವಹಾರವನ್ನೂ ಯಾರು ಬೇಕಾದರೂ ಓದಬಹುದು. ಅಲ್ಲಿ ಹೆಸರಿಲ್ಲ, ಖಾತೆ ಸಂಖ್ಯೆಯಂಥ ವಿಳಾಸಗಳು ಮಾತ್ರ ಇವೆ, ನಿಜ. ಆದರೆ ಒಂದು ವಿಳಾಸ ನಿಮ್ಮದೆಂದು ಒಬ್ಬರಿಗೆ ತಿಳಿದರೆ ಸಾಕು. ಅಲ್ಲಿಂದ ಎಳೆ ಹಿಡಿದು ಹಿಂದಕ್ಕೂ ಮುಂದಕ್ಕೂ ಹೋಗಬಹುದು.

ಭಟ್ಕಳ, ಹೊನ್ನಾವರದಿಂದ ಗಲ್ಫ್‌ಗೆ ಹೋದವರು, ಕಾರವಾರದಿಂದ ಹಡಗಿನ ಕೆಲಸಕ್ಕೆ ಹೊರಟವರು, ಸಿದ್ದಾಪುರದ ಹಳ್ಳಿಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು, ಇಂಥವರ ಫೋನಿನಲ್ಲಿ ಬಿಟ್‌ಕಾಯಿನ್ ವಾಲೆಟ್ ಇದ್ದರೆ ಆಶ್ಚರ್ಯವಿಲ್ಲ. ಇವರಿಂದ ಒಂದು ಸಣ್ಣ ಮೊತ್ತ ಪಡೆದವರಿಗೆ ಇವರ ಉಳಿತಾಯವೆಲ್ಲ ಕಾಣಬಾರದು. ಇಷ್ಟು ಕೇಳುವುದು ಜಾಸ್ತಿ ಆಯ್ತು ಅಂತ ನನಗೆ ಅನ್ನಿಸುವುದಿಲ್ಲ.

ಈ ತೊಂದರೆ ಹೊಸದೇನಲ್ಲ. 2008ರಲ್ಲಿ ಬಿಟ್‌ಕಾಯಿನ್ ಹುಟ್ಟುಹಾಕಿದ ಸಟೋಶಿ ನಕಾಮೊಟೊ ಬರೆದ ಮೂಲ ಪ್ರಬಂಧದಲ್ಲೇ ಇದರ ಸುಳಿವಿದೆ. ಹಲವು ವಿಳಾಸಗಳ ಹಣ ಒಂದೇ ವ್ಯವಹಾರದಲ್ಲಿ ಹೊರಟರೆ, ಅವೆಲ್ಲ ಒಬ್ಬರದೇ ಎಂದು ಗೊತ್ತಾಗುತ್ತದೆ ಅನ್ನುತ್ತದೆ ಅದು. 2013ರಲ್ಲಿ ಸಂಶೋಧಕಿ ಸಾರಾ ಮೈಕಲ್‌ಜಾನ್ ಮತ್ತು ಸಂಗಡಿಗರು ಇದೇ ಊಹೆ ಹಿಡಿದು ವಿಳಾಸಗಳನ್ನು ಗುಂಪು ಮಾಡಿ ತೋರಿಸಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್ ತಂತ್ರಾಂಶ ಬರೆಯುವವರಲ್ಲಿ ಒಬ್ಬರಾದ ಗ್ರೆಗರಿ ಮ್ಯಾಕ್ಸ್‌ವೆಲ್ ಈ ಊಹೆಯ ಬುಡಕ್ಕೇ ಕೈ ಹಾಕಿದರು. ಹಣ ಹಾಕುವವರೆಲ್ಲ ಒಬ್ಬರೇ ಆಗಿರಬೇಕು ಅಂತ ನಿಯಮ ಎಲ್ಲಿದೆ? ಅವರ ಯೋಜನೆಯ ಹೆಸರು ಕಾಯಿನ್‌ಜಾಯಿನ್. ಕುಮಟಾ, ಅಂಕೋಲಾ, ಯಲ್ಲಾಪುರದ ಮೂವರು ಒಂದೇ ವ್ಯವಹಾರಕ್ಕೆ 12, 15, 11 ಲಕ್ಷ ಸಟೋಶಿ ಹಾಕುತ್ತಾರೆ ಎನ್ನಿ. (10 ಕೋಟಿ ಸಟೋಶಿಗೆ ಒಂದು ಬಿಟ್‌ಕಾಯಿನ್.) ಶುಲ್ಕ ಬಿಟ್ಟು ಲೆಕ್ಕ ಹಾಕಿದರೆ, ಆ ಕಡೆಯಿಂದ 10 ಲಕ್ಷದ ಮೂರು ಪಾಲು ಮತ್ತು 2, 5, 1 ಲಕ್ಷದ ಚಿಲ್ಲರೆ ಹೊರಬರುತ್ತವೆ. ಚಿಲ್ಲರೆ ಯಾರದೆಂದು ಹೇಳಬಹುದು. ಆದರೆ 10 ಲಕ್ಷದ ಪಾಲುಗಳಲ್ಲಿ ಯಾವುದು ಯಾರದು ಅಂತ ಹೊರಗಿನವರಿಗೆ ತಿಳಿಯದು. ತನ್ನ ಪಾಲು ಸರಿಯಾಗಿದೆ ಎಂದು ನೋಡಿದ ಮೇಲೆಯೇ ಪ್ರತಿಯೊಬ್ಬರೂ ಸಹಿ ಹಾಕುವುದರಿಂದ ಹಣ ಕಳವಾಗುವ ಭಯವಿಲ್ಲ. ಬಿಟ್‌ಕಾಯಿನ್‌ನ ಒಂದು ನಿಯಮವನ್ನೂ ಬದಲಿಸಬೇಕಾಗಲಿಲ್ಲ. ಈ ಯೋಚನೆಯ ಸರಳತೆ ನನಗೆ ಇಂದಿಗೂ ಬೆರಗು.

2015ರಲ್ಲಿ ಜಾಯಿನ್‌ಮಾರ್ಕೆಟ್, 2018ರಲ್ಲಿ ವಸಾಬಿ, 2019ರಲ್ಲಿ ಸಮುರಾಯ್‌ನ ವರ್ಲ್‌ಪೂಲ್, ಹೀಗೆ ಕಾಯಿನ್‌ಜಾಯಿನ್ ಮಾಡಿಕೊಡುವ ತಂತ್ರಾಂಶಗಳು ಬಂದವು. ಆದರೆ ಸಮನಾದ ಪಾಲುಗಳು ಎದ್ದು ಕಾಣುತ್ತವೆ. ಹೀಗಾಗಿ ಅಂಥ ಹಣವನ್ನು ಎಕ್ಸ್‌ಚೇಂಜ್‌ಗಳು (ಬಿಟ್‌ಕಾಯಿನ್ ಕೊಳ್ಳುವ, ಮಾರುವ ತಾಣಗಳು) ಅನುಮಾನದಿಂದ ನೋಡತೊಡಗಿದವು. ಕಳ್ಳರೂ ಇದೇ ದಾರಿ ಹಿಡಿಯುತ್ತಾರೆ, ಪೊಲೀಸರ ಚಿಂತೆ ಸುಮ್ನೆ ಹುಟ್ಟಿದ್ದಲ್ಲ. 2024ರ ಏಪ್ರಿಲ್‌ನಲ್ಲಿ ಸಮುರಾಯ್ ಸ್ಥಾಪಕರಿಬ್ಬರ ಬಂಧನವಾಯಿತು. ಪರವಾನಗಿ ಇಲ್ಲದೆ ಹಣ ರವಾನೆ ನಡೆಸಲು ಸಂಚು ಮಾಡಿದ ಆರೋಪವನ್ನು 2025ರಲ್ಲಿ ಅವರು ಒಪ್ಪಿಕೊಂಡರು. ವಸಾಬಿಯ ಹಿಂದಿನ ಕಂಪನಿ 2024ರ ಜೂನ್‌ನಲ್ಲಿ ತನ್ನ ಕಾಯಿನ್‌ಜಾಯಿನ್ ಸೇವೆ ನಿಲ್ಲಿಸಿತು.

ಈಗ ಭರವಸೆ ಇರುವುದು ಪೇಜಾಯಿನ್ ಮೇಲೆ. ಇಲ್ಲಿ ಕೊಡುವವರೂ ಪಡೆಯುವವರೂ ಇಬ್ಬರೂ ಹಣ ಹಾಕುತ್ತಾರೆ. ಅಕ್ಕ ತಮ್ಮನಿಗೆ 3 ಲಕ್ಷ ಸಟೋಶಿ ಕೊಡಬೇಕು. ಅವಳು 5 ಲಕ್ಷ ಹಾಕುತ್ತಾಳೆ, ತಮ್ಮ ತನ್ನದೇ 4 ಲಕ್ಷ ಸೇರಿಸುತ್ತಾನೆ. ತಮ್ಮನಿಗೆ 7 ಲಕ್ಷ, ಅಕ್ಕನಿಗೆ 2 ಲಕ್ಷ ಹೋಗುತ್ತದೆ. ಕೊಟ್ಟದ್ದು 3 ಲಕ್ಷ, ಆ ಅಂಕಿಯೇ ಎಲ್ಲೂ ಕಾಣುವುದಿಲ್ಲ! ನೋಡಲು ಇದು ಮಾಮೂಲಿ ವ್ಯವಹಾರದ ಹಾಗೇ ಇರುತ್ತದೆ. ಇಂಥವು ಹೆಚ್ಚಿದಷ್ಟೂ 'ಎಲ್ಲ ಒಬ್ಬರದೇ ಹಣ' ಎಂಬ ಊಹೆ ಸಡಿಲವಾಗುತ್ತದೆ. ಪೇಜಾಯಿನ್ ಬಳಸದವರಿಗೂ ಅದರ ಲಾಭ ಸಿಗುತ್ತದೆ ಅಲ್ವಾ?

ವ್ಯಾಪಾರಿಗಳು ಬಿಟ್‌ಕಾಯಿನ್ ಪಡೆಯಲು ಬಳಸುವ ಬಿಟಿಸಿಪೇ ಸರ್ವರ್ ಎಂಬ ತಂತ್ರಾಂಶ 2020ರಲ್ಲೇ ಇದನ್ನು ಅಳವಡಿಸಿತ್ತು. ಆದರೆ ಪಡೆಯುವವರು ಸದಾ ಆನ್‌ಲೈನ್ ಇರುವ ಸರ್ವರ್ ಇಟ್ಟುಕೊಳ್ಳಬೇಕಿತ್ತು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಮ್ಮ ಘಟ್ಟದ ಹಳ್ಳಿಗಳಲ್ಲಿ ಇದು ಆಗುವ ಮಾತಲ್ಲ. ಬಿಐಪಿ 77 ಎಂಬ ಹೊಸ ವಿಧಾನ ಆ ತೊಡಕು ಬಿಡಿಸಿತು. ನಡುವಿನ ಸರ್ವರ್ ಗೂಢಲಿಪಿಯ ಸಂದೇಶವನ್ನು ಕಾಯ್ದಿಡುತ್ತದೆ, ಅದನ್ನು ಓದಲು ಅದಕ್ಕೆ ಆಗದು. ಇಬ್ಬರೂ ತಮಗೆ ಬಿಡುವಾದಾಗ ಬಂದು ಸಹಿ ಮಾಡಬಹುದು. ಬುಲ್ ಬಿಟ್‌ಕಾಯಿನ್, ಕೇಕ್ ವಾಲೆಟ್‌ನಂಥ ಮೊಬೈಲ್ ಆ್ಯಪ್‌ಗಳು 2025ರ ಹೊತ್ತಿಗೆ ಇದನ್ನು ಸೇರಿಸಿಕೊಂಡವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ನೆರೆಯವರ ಕಣ್ಣಿಂದ ಹಣ ಮರೆಯಾದರೆ ತೆರಿಗೆಯೂ ಮರೆಯಾಯಿತು ಅಂತ ಯಾರೂ ತಿಳಿಯಬಾರದು. ಕ್ರಿಪ್ಟೋ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ ಇದೆ. ಅದೇ ಜುಲೈನಿಂದ 1% ಟಿಡಿಎಸ್ ನಿಯಮವೂ ಬಂದಿದೆ. ಪೇಜಾಯಿನ್ ಬಳಸುವವರು ದಿನಾಂಕ, ನಿಜವಾದ ಮೊತ್ತ, ಯಾರಿಗೆ ಮತ್ತು ಯಾಕೆ ಕೊಟ್ಟದ್ದು ಎಂಬುದನ್ನು ತಾವೇ ಬರೆದಿಟ್ಟುಕೊಳ್ಳಬೇಕು. ಮೇಲಿನ ಅಕ್ಕ-ತಮ್ಮನ ಲೆಕ್ಕದಲ್ಲಿ ಕಂಡಂತೆ, ಆ 3 ಲಕ್ಷ ಸರಪಳಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.