ತಾವರೆಕೆರೆಯ ಟ್ರಾಫಿಕ್ ಕೆರೆಯ ಸುದ್ದಿಯಲ್ಲ

ಪತ್ರಿಕೋದ್ಯಮ ಓದುವ ಕಾಲದಲ್ಲಿ ನನ್ನ ಕೈಯಲ್ಲಿ ಪೆನ್ನಿಗಿಂತ ಜಾಸ್ತಿ ಹೊತ್ತು ಇರುತ್ತಿದ್ದದ್ದು ಸ್ಕೇಲು. ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿ, ಯಾವ ವಿಷಯಕ್ಕೆ ಎಷ್ಟು ಜಾಗ ಸಿಕ್ಕಿದೆ ಅಂತ ಕಾಲಂ ಸೆಂಟಿಮೀಟರ್ (ಒಂದು ಕಾಲಂ ಅಗಲ, ಒಂದು ಸೆಂಟಿಮೀಟರ್ ಉದ್ದ) ಲೆಕ್ಕದಲ್ಲಿ ಅಳೆಯಬೇಕಿತ್ತು. ಒಂದೇ ಸುದ್ದಿಯನ್ನು ಇಬ್ಬರು ಬೇರೆ ಬೇರೆ ಕೂತು ಓದಿ, ಅದು ಯಾವ ವಿಷಯದ್ದು ಅಂತ ಗುರುತು ಹಾಕುತ್ತಿದ್ದೆವು. ಎರಡೂ ತಾಳೆಯಾದರೆ ಮಾತ್ರ ಆ ಗುರುತಿಗೆ ಬೆಲೆ. ಆರು ತಿಂಗಳ ಪತ್ರಿಕೆ ಮುಗಿಯುವಷ್ಟರಲ್ಲಿ ಕೈಯೆಲ್ಲ ದೂಳು, ಒಂದೇ ಸಮನೆ ಸೀನು.

ಈಗ ಹತ್ತು ವರ್ಷದ ಸುದ್ದಿಯನ್ನು ಕಂಪ್ಯೂಟರಿಗೆ ಸುರಿದು ಒಂದು ಪದ ಎಷ್ಟು ಸಲ ಬಂದಿದೆ ಎಂದು ಕೇಳಿದರೆ ಸಾಕು. ಕಾಫಿ ಬರುವ ಮೊದಲೇ ಉತ್ತರ ಬರುತ್ತದೆ. ಆ ಉತ್ತರ ಸರಿಯಾ ಅನ್ನುವುದು ಬೇರೆ ಮಾತು.

ಬೆಂಗಳೂರಿನ ಕೆರೆಗಳನ್ನೇ ನೋಡಿ. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ಬೆಂಕಿ ಕಾಣಿಸಿಕೊಂಡಿತು. 2017ರಲ್ಲೂ ಆಯಿತು, 2018ರಲ್ಲೂ ಆಯಿತು. ಪತ್ರಿಕೆಗಳಿಗೆ ಕೆರೆ ನೆನಪಾಗುವುದು ಬೆಂಕಿ ಬಿದ್ದಾಗ ಮಾತ್ರವಾ? ಸಂಶೋಧನೆಗೆ ಒಳ್ಳೇ ಪ್ರಶ್ನೆ. ‘ಕೆರೆ’ ಎಂದು ಹುಡುಕಿದರೆ ಆಯ್ತಲ್ವಾ? ಆಗಲ್ಲ. ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ, ಕೆರೆಯಂಗಳ ಎಲ್ಲವೂ ಯಂತ್ರಕ್ಕೆ ಬೇರೆ ಬೇರೆ ಪದ. ಹೋಗಲಿ, ಪದದ ಒಳಗೂ ಹುಡುಕು ಅಂದರೆ ಅರಕೆರೆಯ ಕಳ್ಳತನ, ತಾವರೆಕೆರೆಯ ಟ್ರಾಫಿಕ್ ಜಾಮ್, ತರೀಕೆರೆಯ ಚುನಾವಣೆ ಎಲ್ಲ ಕೆರೆಯ ಸುದ್ದಿಯಾಗಿ ಬಂದು ಬೀಳುತ್ತವೆ. ‘ಬೆಳ್ಳಂದೂರಿನಲ್ಲಿ ಮತ್ತೆ ನೊರೆ’ ಎಂಬ ಅಸಲಿ ಸುದ್ದಿ ಮಾತ್ರ ತಪ್ಪಿಸಿಕೊಳ್ಳುತ್ತದೆ, ಅದರಲ್ಲಿ ಕೆರೆ ಅನ್ನುವ ಪದವೇ ಇಲ್ಲ. ಸ್ಕೇಲು ಹಿಡಿದ ನಾವಿಬ್ಬರು ಇದನ್ನು ಯೋಚನೆಯೇ ಮಾಡದೆ ಹಿಡಿಯುತ್ತಿದ್ದೆವು. ಹಾಗಾಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ವಿದ್ಯಾರ್ಥಿಗೂ ಕೊನೆಗೆ ಹೈಸ್ಕೂಲಿನ ವಿಭಕ್ತಿ ಪ್ರತ್ಯಯದ ಪಾಠ ಬೇಕೇ ಬೇಕು. ಕನ್ನಡ ಮೇಷ್ಟ್ರುಗಳು ಖುಷಿಪಡಬಹುದು.

ಇದಕ್ಕೂ ಮೊದಲಿನ ಪಾಡು ಇನ್ನೊಂದಿದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಟೈಪ್ ಮಾಡಿದ ಎಷ್ಟೋ ಕನ್ನಡ ಪುಟಗಳು ತಮ್ಮದೇ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಚ್ಚಾದ ಹಾಳೆಯನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದರೆ ಒತ್ತಕ್ಷರ ಮೇಲಿನ ಸಾಲಿನದ್ದೋ ಕೆಳಗಿನದ್ದೋ ಅಂತ ಅದಕ್ಕೆ ಗಲಿಬಿಲಿ. ಮಸಿ ಸ್ವಲ್ಪ ಹರಡಿದ್ದರೂ ‘ಪ’ ಹೋಗಿ ‘ವ’ ಆಗಬಹುದು. ಸರ್ಕಾರದ ಪರ ಬರೆದದ್ದು ಸರ್ಕಾರದ ವರ ಆಗಿಬಿಟ್ಟರೆ ಏನು ವಿಶ್ಲೇಷಣೆ ಮಾಡ್ತೀರಿ?

ಸೋಷಿಯಲ್ ಮೀಡಿಯಾದಲ್ಲಿ ತೊಂದರೆ ಅಕ್ಷರದ್ದಲ್ಲ, ಬಾಗಿಲಿನದ್ದು. ಸಂಶೋಧಕರು ಬಿಟ್ಟಿಯಾಗಿ ಮಾಹಿತಿ ಪಡೆಯುತ್ತಿದ್ದ ದಾರಿ ಮುಚ್ಚುವುದಾಗಿ ಟ್ವಿಟರ್ 2023ರ ಫೆಬ್ರುವರಿಯಲ್ಲಿ ಹೇಳಿತು. ಫೇಸ್‌ಬುಕ್ ಪೋಸ್ಟ್‌ಗಳು ಹೇಗೆ ಹರಡುತ್ತವೆ ಎಂದು ನೋಡಲು ಇದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನ 2024ರ ಆಗಸ್ಟ್‌ನಲ್ಲಿ ನಿಂತುಹೋಯಿತು. ವಾಟ್ಸ್‌ಆ್ಯಪ್ ಸಂದೇಶವನ್ನಂತೂ ಹೊರಗಿನವರು ಓದುವಂತೆಯೇ ಇಲ್ಲ. ಬಸವನಗುಡಿಗೂ ಯಲಹಂಕಕ್ಕೂ ಬೆಳಿಗ್ಗೆ ಬೀಳುವ ಪತ್ರಿಕೆ ಒಂದೇ. ಆದರೆ ಒಂದೇ ಸೋಫಾದ ಮೇಲೆ ಕೂತ ಅಪ್ಪನಿಗೂ ಮಗಳಿಗೂ ಯೂಟ್ಯೂಬ್ ತೋರಿಸುವುದು ಬೇರೆ ಬೇರೆ.

ಅದಕ್ಕೇ ಕೆಲವು ಸಂಶೋಧಕರು ಜನರ ಪಕ್ಕದಲ್ಲೇ ಕೂರುತ್ತಾರೆ. ‘ನಿಮ್ಮ ಫೋನ್ ಸ್ವಲ್ಪ ತೋರಿಸ್ತೀರಾ? ಇದನ್ನು ಯಾಕೆ ಫಾರ್ವರ್ಡ್ ಮಾಡಿದಿರಿ?’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅಡುಗೆ ವಿಡಿಯೊ, ಕ್ರಿಕೆಟ್ಟು, ರಾಜಕೀಯ ಎಲ್ಲ ಸಲೀಸಾಗಿ ಹೊರಬರುತ್ತದೆ. ಫ್ಯಾಮಿಲಿ ಗ್ರೂಪ್ ತೆರೆಯುವ ಹೊತ್ತಿಗೆ ಮಾತ್ರ ಫೋನು ಮೆಲ್ಲಗೆ ಆ ಕಡೆ ತಿರುಗುತ್ತದೆ.